ಜಿಲ್ಲೆ ಬೇಡ, ತಾಲೂಕು ಸಾಕು

ಹೋದ ತಿಂಗಳು ವಿಠ್ಠಲ ನಮ್ಮನೆಗೆ ಬಂದು, ತನ್ನನ್ನೇ ಊರು ಬಿಡಿಸುವ ಭಾಷಣದಲ್ಲಿ ಒಂದು ಶಬ್ದ ತಿದ್ದಿಕೊಡಿ ಎಂದು ಕೇಳಿದ.

"'ಇಂಥವರನ್ನು ಜಿಲ್ಲೆಯಿಂದ ಓಡಿಸಬೇಕು' ಅಂತ ಬರೆದೀರಲ್ಲ ಅಕ್ಕೋರೆ, ಅಲ್ಲಿ 'ತಾಲೂಕಿನಿಂದ' ಅಂತ ಮಾಡಿ. ಸಭೆ ಇರೂದು ಅಂಕೋಲೆಯಲ್ಲಿ. ನಾವಿರೂದು ಕಾರವಾರ ತಾಲೂಕು. ಯಾರಿಗೂ ತೊಂದ್ರೆ ಇಲ್ಲ."

ನಾನು ಚಹಾ ಸೋಸುತ್ತಿದ್ದೆ. ಅರ್ಧ ಲೋಟಕ್ಕೆ ಬಿತ್ತು, ಅರ್ಧ ಕಟ್ಟೆಗೆ.

ಮೊದಲಿಂದ ಹೇಳುತ್ತೇನೆ. (ಹೆಸರು, ಕಸುಬು ಬದಲಿಸಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಒಬ್ಬ "ಬರೀರಿ" ಎಂದ. ಇನ್ನೊಬ್ಬರು "ನನ್ನನ್ನು ಸ್ವಲ್ಪ ಎತ್ತರ ಮಾಡಿ ಬರೀರಿ" ಎಂದರು.)

ಹೈಸ್ಕೂಲಿನ ಕನ್ನಡ ಅಕ್ಕೋರಾಗಿ ನಿವೃತ್ತಳಾದ ಮೇಲೆ ನನಗೆ ಎರಡೇ ಕೆಲಸ. ಈ ಅಂಕಣ ಮತ್ತು ಕಂಡವರ ಭಾಷಣ. ಪಕ್ಷಭೇದ ಇಲ್ಲ. ಒಂದೇ ಬಸ್ ಸ್ಟಾಪಿನ ಉದ್ಘಾಟನೆಗೆ ಮೂರು ಪಕ್ಷದವರ ಭಾಷಣ ಬರೆದು, ಒಬ್ಬರ ಗಾದೆ ಇನ್ನೊಬ್ಬರ ಬಾಯಲ್ಲಿ ಬಾರದಂತೆ ನೋಡಿಕೊಂಡ ಹೆಂಗಸು ನಾನು.

ರಘುವೀರಣ್ಣ ಹಿಂದೆ ಜಿಲ್ಲಾ ಪಂಚಾಯತ್ ಸದಸ್ಯರಾಗಿದ್ದವರು. ಈಗ ಟಿಕೆಟ್ ಆಕಾಂಕ್ಷಿ. (ನಮ್ಮಲ್ಲಿ ಇದೂ ಒಂದು ಹುದ್ದೆ.) ಎತ್ತರದ ಆಳು, ಗಟ್ಟಿ ದನಿ. ಮದುವೆಯಾಗಿಲ್ಲ. ಅವರ ಬ್ಯಾನರಿನ ಮೇಲೆ 'ಸಮಾಜಕ್ಕಾಗಿ ಸಂಸಾರ ತೊರೆದ ಧೀಮಂತ' ಎಂದು ಇರುತ್ತದೆ. ಆ ಸಾಲೂ ನನ್ನದೇ.

ಸಂಸಾರ ತೊರೆದ ಈ ಧೀಮಂತರು ಸದಾಶಿವಗಡದಲ್ಲಿ ವಿಠ್ಠಲನ ಜೊತೆ ಇಪ್ಪತ್ತೆರಡು ವರ್ಷದಿಂದ ಸಂಸಾರ ಮಾಡಿಕೊಂಡಿದ್ದಾರೆ.

ವಿಠ್ಠಲ ಟೇಲರ್. ನನ್ನ ಹಳೇ ವಿದ್ಯಾರ್ಥಿ. ಜನರ ಬಾಯಲ್ಲಿ 'ಸಾಹೇಬರ ಪಿ.ಎ.'. ಸಾಹೇಬರ ಕುರ್ತಾ ಹೊಲಿಯುವವನು ಅವನು, ಬಿ.ಪಿ. ಗುಳಿಗೆ ನೆನಪಿಸುವವನು ಅವನು, ಕಾರು ಓಡಿಸುವವನೂ ಅವನೇ. ಊಟಕ್ಕೆ ಕೂತರೆ ಬಾಂಗಡೆ ಮೀನಿನ ಮುಳ್ಳು ಬಿಡಿಸಿ ಅವರ ತಟ್ಟೆಗೆ ಹಾಕುತ್ತಾನೆ. ಯಾವ ಪಿ.ಎ. ಮುಳ್ಳು ಬಿಡಿಸಿ ಕೊಡುತ್ತಾನೆ ಹೇಳಿ?

ಊರಿಗೆಲ್ಲ ಗೊತ್ತು. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೀಗೆ ಎಲ್ಲರೂ ಸುಖವಾಗಿದ್ದೆವು.

ಅಷ್ಟರಲ್ಲಿ ಅಂಕೋಲೆಯಲ್ಲಿ ಇಬ್ಬರು ಹುಡುಗರು ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದರು. ಒಬ್ಬ ಲ್ಯಾಬಿನಲ್ಲಿ ರಕ್ತ ತೆಗೆಯುವವನು, ಇನ್ನೊಬ್ಬ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವನು. ಯಾರೋ ಬಾಲ್ಕನಿಯ ಫೋಟೋ ತೆಗೆದು ವಾಟ್ಸಪ್‌ಗೆ ಬಿಟ್ಟರು. ಫೋಟೋದಲ್ಲಿ ಏನಿತ್ತು? ಒಬ್ಬ ಬಟ್ಟೆ ಒಣಗಿಸುತ್ತಿದ್ದ, ಇನ್ನೊಬ್ಬ ಕ್ಲಿಪ್ ಕೊಡುತ್ತಿದ್ದ. ಸಂಸ್ಕೃತಿ ಹಾಳಾಗಲು ಅಷ್ಟು ಸಾಕಾಯಿತು. 'ಸಂಸ್ಕೃತಿ ಉಳಿಸಿ' ಸಭೆ ಗೊತ್ತಾಯಿತು. ಮುಖ್ಯ ಭಾಷಣ ರಘುವೀರಣ್ಣನದು.

"ಸ್ವಲ್ಪ ಖಾರ ಇರ್ಲಿ ಅಕ್ಕೋರೆ," ಎಂದು ಫೋನ್ ಮಾಡಿದರು. "ಟಿಕೆಟ್ ಕೊಡುವವ್ರು ಬರ್ತಾರೆ."

ನಾನೇನು ಮಾಡಿದೆ? ಬರೆದೆ. ಚೆನ್ನಾಗಿಯೇ ಬರೆದೆ. ಭಾಷಣ ಅವರದು, ವ್ಯಾಕರಣ ನನ್ನದು, ನನಗೇನು ಎಂದುಕೊಂಡೆ. ಆ ಪ್ರತಿಯನ್ನೇ ವಿಠ್ಠಲ ಈಗ ಹಿಡಿದುಕೊಂಡು ಬಂದಿದ್ದ. ಅಂಚಿನಲ್ಲಿ ಕೆಂಪು ಪೆನ್ನಿನ ಗುರುತುಗಳು.

"ಮತ್ತೆ ಈ 'ನಿಸರ್ಗವಿರೋಧಿ' ಬೇಡ. ಹೊಸ ಹಲ್ಲಿನ ಸೆಟ್ ಹಾಕ್ಸಿದಾರೆ, 'ಸ' ಬಂದ್ರೆ ಸಿಳ್ಳೆ ಹೊಡೀತದೆ."

"'ಸಂಸ್ಕೃತಿ'ಗೆ ಏನು ಮಾಡ್ಲೋ?"

"ಅದೊಂದು ಇರ್ಲಿ. ಬ್ಯಾನರಿನಲ್ಲೇ ಅದೆ."

ಕೊನೆಗೆ ಕೇಳಿಯೇ ಬಿಟ್ಟೆ. "ವಿಠ್ಠಲ, ನಿನಗೆ ಬೇಜಾರಾಗೂದಿಲ್ವೇನೋ?"

ಅವನು ಚಹಾದ ಲೋಟ ಕೆಳಗಿಟ್ಟ. "ಭಾಷಣ ಹೊರಗಿಂದು ಅಕ್ಕೋರೆ. ಮನೆಗೆ ಬಂದು ಕುರ್ತಾ ತೆಗೆದ್ರೆ ಮುಗೀತು. ಮನೆ ಒಳಗೆ ಒಂದು ದಿನ ಒಂದು ಕೆಟ್ಟ ಮಾತು ಆಡಿಲ್ಲ ಅವ್ರು." ಆಮೇಲೆ ಪ್ರತಿಯನ್ನು ನನ್ನ ಕಡೆ ತಳ್ಳಿ, "ಜಿಲ್ಲೆ ಅಂದ್ರೆ ಮಾತ್ರ ನಮ್ಮನೆಯೂ ಬರ್ತದೆ ನೋಡಿ," ಎಂದ.

ತಿದ್ದಿಕೊಟ್ಟೆ.

ಸಭೆಗೆ ನಾನೂ ಹೋದೆ. ಕಲ್ಯಾಣಮಂಟಪದಲ್ಲಿ ಮಧ್ಯಾಹ್ನ ಯಾರದೋ ಮದುವೆ ಮುಗಿದಿತ್ತು. ವೇದಿಕೆಯ ಹಿಂದಿದ್ದ 'ಶುಭವಿವಾಹ' ತೆಗೆಯಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಅದರ ಕೆಳಗೆ ಹೂವಿನ ಸಿಂಹಾಸನದಲ್ಲಿ ರಘುವೀರಣ್ಣ. ಮೊದಲ ಸಾಲಿನಲ್ಲಿ ವಿಠ್ಠಲ, ತೊಡೆಯ ಮೇಲೆ ನೀರಿನ ಬಾಟಲಿ, ಗುಳಿಗೆಯ ಡಬ್ಬಿ.

ಭಾಷಣ ಚೆನ್ನಾಗಿ ಏರಿತು. ಚಪ್ಪಾಳೆಯೂ ಬಿತ್ತು. "ಇಂಥವರನ್ನು ಈ ತಾಲೂಕಿನಿಂದ ಓಡಿಸಬೇಕು!" ಎಂದು ಮುಷ್ಟಿ ಎತ್ತಿದರು.

ಹಿಂದಿನಿಂದ ಒಬ್ಬ ಎದ್ದ. "ಓಡ್ಸಿದ್ರೆ ಎಲ್ಲಿಗೆ ಹೋಗೂದು ಸಾಹೇಬ್ರೆ?"

"ಕುಮಟೆಗೆ ಹೋಗ್ಲಿ!" ಎಂದ ಇನ್ನೊಬ್ಬ.

"ಕುಮಟೆಗೆ ಯಾಕೆ? ನನ್ನ ಮಗಳನ್ನ ಅಲ್ಲಿ ಕೊಟ್ಟದೆ!"

"ಹಾಗಾದ್ರೆ ಕಾರವಾರಕ್ಕೆ."

ಕಾರವಾರದಿಂದ ಒಂದು ಟೆಂಪೋ ಜನ ಬಂದಿದ್ದರು. ಅವರೆಲ್ಲ ಒಟ್ಟಿಗೆ ಎದ್ದರು. ಅಂಕೋಲೆಯವರು ಬೇಡವೆಂದದ್ದನ್ನೆಲ್ಲ ತುಂಬಿಕೊಳ್ಳಲು ಕಾರವಾರವೇನು ಗುಜರಿ ಅಂಗಡಿಯೇ? ಶಿರವಾಡದ ಒಬ್ಬರು, ಕಾರವಾರಕ್ಕೆ ಬಂದರೂ ಶಿರವಾಡಕ್ಕೆ ಮಾತ್ರ ಬರಕೂಡದು ಎಂದು ಪ್ರತ್ಯೇಕ ಆಕ್ಷೇಪಣೆ ಸಲ್ಲಿಸಿದರು. ಹತ್ತು ನಿಮಿಷ ತಾಲೂಕಿನ ಗಡಿಗಳ ಚರ್ಚೆ ನಡೆಯಿತು. ಭೂಗೋಳದ ಮಾಸ್ತರರು ಇದ್ದಿದ್ದರೆ ಕಣ್ಣೀರಿಡುತ್ತಿದ್ದರು.

ಟಿಕೆಟ್ ಕೊಡುವವರು ವಾಚು ನೋಡಿಕೊಂಡರು. ರಘುವೀರಣ್ಣ ಅದನ್ನು ನೋಡಿದರು. ಮೈಕ್ ಎಳೆದುಕೊಂಡು ಕಾಗದದಲ್ಲಿಲ್ಲದ್ದನ್ನು ಕೂಗಿದರು.

"ಜಿಲ್ಲೆಯಿಂದಲೇ ಓಡಿಸೋಣ! ಒಬ್ಬೊಬ್ಬರನ್ನೂ!"

ಮಂಟಪ ಕಿತ್ತುಹೋಗುವಂತೆ ಚಪ್ಪಾಳೆ.

ವಿಠ್ಠಲ ಎದ್ದ. ಸಿಟ್ಟು ಮಾಡಲಿಲ್ಲ. ವೇದಿಕೆಯ ಅಂಚಿನಲ್ಲಿ ಬಾಟಲಿ ಇಟ್ಟ, ಡಬ್ಬಿ ಇಟ್ಟ, ಡಬ್ಬಿಯ ಮೇಲೆ ಕಾರಿನ ಕೀ ಇಟ್ಟ. ತಿರುಗಿ ಬಾಗಿಲ ಕಡೆ ನಡೆದ.

"ವಿಠ್ಠಲಾ," ಎಂದರು ರಘುವೀರಣ್ಣ. ಮೈಕ್ ಬಾಯಿಯ ಹತ್ತಿರವೇ ಇತ್ತು. "ವಿಠ್ಠಲಾ, ಮಾಕಾ ಸೋಡ್ನ್ ವಚೂ ನಾಕಾ ರೆ."

ನನ್ನ ಬಿಟ್ಟು ಹೋಗಬೇಡವೋ. ನಾಲ್ಕು ಸ್ಪೀಕರುಗಳಲ್ಲಿ, ಮನೆಯೊಳಗಿನ ದನಿಯಲ್ಲಿ. ಕೊಂಕಣಿ ಗೊತ್ತಿಲ್ಲದವರಿಗೂ ಅರ್ಥವಾಯಿತು.

ಬಾಗಿಲು ದಾಟುವವರೆಗೆ ವಿಠ್ಠಲ ಹಿಂದೆ ನೋಡಲಿಲ್ಲ.

ಐನೂರು ಕುರ್ಚಿಯ ಸಭೆ ಬಾಗಿಲ ಕಡೆ ತಿರುಗಿ ಕೂತಿತ್ತು. ಆಮೇಲೆ ನಮ್ಮ ಜನ ತಮ್ಮ ಕೆಲಸ ಶುರುಮಾಡಿದರು. ನನ್ನ ಪಕ್ಕದ ಅಜ್ಜಿ, "ಪಾಪ, ಗುಳಿಗೆ ಹೊತ್ತು ಮೀರಿರಬೇಕು," ಎಂದಳು. ಸಂಘಟಕರು ಸಾಹೇಬರಿಗೆ ಬಿ.ಪಿ. ಏರಿದೆ ಎಂದು ಘೋಷಿಸಿ ನೇರವಾಗಿ ವಂದನಾರ್ಪಣೆಗೆ ಹೋದರು. ಮರುದಿನದ ಪೇಪರಿನಲ್ಲಿ 'ಸಭೆ ಯಶಸ್ವಿ' ಎಂದು ಬಂತು.

ಮೂರನೇ ದಿನ ರಘುವೀರಣ್ಣ ರಿಕ್ಷಾ ಮಾಡಿಕೊಂಡು ನಮ್ಮನೆಗೆ ಬಂದರು. ಕುರ್ತಾದ ಗುಂಡಿ ಒಂದು ಮನೆ ತಪ್ಪಿ ಹಾಕಿಕೊಂಡಿದ್ದರು. ವಿಠ್ಠಲ ಬಿಣಗಾದ ಅಕ್ಕನ ಮನೆಯಲ್ಲಿದ್ದಾನೆ, ಫೋನ್ ಎತ್ತುತ್ತಿಲ್ಲ.

"ಒಂದು ಪತ್ರ ಬರೆದುಕೊಡಿ ಅಕ್ಕೋರೆ. ವಾಪಸ್ ಬಾ ಅಂತ. ನೀವು ಬರೆದ್ರೆ ಜನ ಕೇಳ್ತಾರೆ."

"ಇದನ್ನ ನಾನು ಬರೆಯೂದಿಲ್ಲ ರಘುವೀರಣ್ಣ," ಎಂದೆ. ಕಾಗದ, ಪೆನ್ನು ಕೊಟ್ಟು ಒಳಗೆ ಹೋದೆ.

ಮೂವತ್ತು ವರ್ಷ ಭಾಷಣ ಮಾಡಿದ ಮನುಷ್ಯ. ಐದು ಸಾಲಿಗೆ ಒಂದು ತಾಸು ತಗೊಂಡರು. ಕೊನೆಗೆ ಓದಿ ನೋಡಿ ಎಂದು ಕೊಟ್ಟರು.

'ವಿಠ್ಠಲಾ, ತಪ್ಪಾಯ್ತು. ಅಕ್ಕೋರು ಬರೆದದ್ದು ನಾನು ಓದಿದೆ ಅಂತ ಹೇಳೂದಿಲ್ಲ. ಅದು ಕಾಗದದಲ್ಲಿ ಇರ್ಲಿಲ್ಲ. ನಾನೇ ಹೇಳಿದ್ದು. ಬಾ.'

ಮೂರು ಅಕ್ಷರ ತಪ್ಪಿದ್ದವು. ತಿದ್ದಲಿಲ್ಲ.

ವಿಠ್ಠಲ ಬಂದ. ಒಂದೇ ಷರತ್ತು, ಇನ್ನು ಅಂಥ ಭಾಷಣ ಇಲ್ಲ. ಈಗ ರಘುವೀರಣ್ಣ ಹೋದಲ್ಲೆಲ್ಲ ಗಟಾರದ ಬಗ್ಗೆ ಮಾತ್ರ ಮಾತಾಡುತ್ತಾರೆ. ಸಾಹೇಬರಿಗೆ ಮೊದಲಿನ ಕಿಚ್ಚಿಲ್ಲ ಎಂದು ಕಾರ್ಯಕರ್ತರ ಕೊರಗು. ಟಿಕೆಟ್ ಮಾತು ಯಾರೂ ಎತ್ತುತ್ತಿಲ್ಲ. ಯಾರಾದರೂ "ನಿಮ್ಮ ಪಿ.ಎ." ಎಂದರೆ, "ಅವನ ಹೆಸರು ವಿಠ್ಠಲ," ಎನ್ನುತ್ತಾರಂತೆ. ಅಷ್ಟೇ. ಅದಕ್ಕಿಂತ ಹೆಚ್ಚಿಲ್ಲ. ಅವರ ಮಟ್ಟಿಗೆ ಅದೇ ದೊಡ್ಡ ಭಾಷಣ.

ಕಥೆ ಇಲ್ಲಿಗೇ ನಿಲ್ಲಿಸಿದರೆ ನಾನೂ ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ.

ಮೊನ್ನೆ ಅಂಕೋಲೆಗೆ ಹೋದವಳು ಆ ಮಹಡಿ ಮನೆಯ ಮುಂದೆ ಹಾದುಹೋದೆ. ಬೀಗ. 'ಬಾಡಿಗೆಗಿದೆ, ಫ್ಯಾಮಿಲಿಗೆ ಮಾತ್ರ' ಎಂಬ ಬೋರ್ಡು. ಬೇಕರಿಯಲ್ಲಿ ವಿಚಾರಿಸಿದೆ.

"ಸಭೆ ದಿನವೇ ಸಾಮಾನು ಕಟ್ಟಿದ್ರು," ಎಂದ ಮಾಲೀಕ. "ಮಂಟಪದ ಸ್ಪೀಕರು ಅವ್ರ ಮನೆ ಕಡೆಗೇ ಇತ್ತಲ್ಲ, ಎಲ್ಲಾ ಕೇಳ್ತಿತ್ತು. ಎಲ್ಲಿಗೆ ಹೋದ್ರೋ, ಫೋನೂ ತಾಗೂದಿಲ್ಲ. ಒಳ್ಳೇ ಅಕ್ಷರ ಆ ಹುಡುಗಂದು." ಆಮೇಲೆ ನನ್ನನ್ನು ಖುಷಿಪಡಿಸಲೆಂದೇ ಏನೋ, "ಭಾಷಣ ನೀವು ಬರೆದದ್ದಂತೆ ಅಕ್ಕೋರೆ? ಭಾರೀ ಚೊಲೋ ಇತ್ತು," ಎಂದ.

ರಘುವೀರಣ್ಣನ ಪತ್ರಕ್ಕೆ ಬಿಣಗಾದ ಒಂದು ವಿಳಾಸವಿತ್ತು. ನಾನು ಯಾವ ವಿಳಾಸಕ್ಕೆ ಬರೆಯಲಿ?