ಅಪ್ಪನನ್ನು ಕರೆಯುವ ಕೋಲು

ಹೋದ ವಾರ ತಂಗಿಯ ಮಗುವಿಗೆಂದು ಚನ್ನಪಟ್ಟಣದ ಗಿಲಕಿ ಕೊಂಡೆ. ಡಬ್ಬ ತೆಗೆದ ಕೂಡಲೇ ಅರಗಿನ ವಾಸನೆ ಮೂಗಿಗೆ ಬಡಿಯಿತು. ಪಕ್ಕದ ಮನೆ ತಾತ ನೆನಪಾದರು...

ಹನ್ನೆರಡು ವರ್ಷದ ಹಿಂದಿನ ಮಾತು. ಗಂಡ ತೀರಿಕೊಂಡು ನಾಲ್ಕು ತಿಂಗಳಾಗಿತ್ತು. ಚನ್ನಪಟ್ಟಣದ ಬಾಡಿಗೆ ಮನೆಯಿಂದ ಹಾರೋಹಳ್ಳಿಯ ಫ್ಯಾಕ್ಟರಿಗೆ ಹೋಗಿಬರುತ್ತಿದ್ದೆ. ಆರು ವರ್ಷದ ಮಗಳು ಸ್ಕೂಲು ಬಿಟ್ಟ ಮೇಲೆ ತಾತನ ಮನೆಯಲ್ಲಿ ಕಾರ್ಟೂನ್ ಸಿನಿಮಾ ನೋಡುತ್ತಾ ಕೂರುತ್ತಿದ್ದಳು. ತಾತ ಮುಂದಿನ ಕೋಣೆಯಲ್ಲಿ ಮರದ ಬೊಂಬೆ ಮಾಡುತ್ತಿದ್ದರು. ಏನು ಕೊಟ್ಟರೂ ಬೇಡ ಎನ್ನುತ್ತಿದ್ದರು. ಪುಕ್ಕಟೆಯಾಗಿ ಯಾರು ಮಗು ನೋಡಿಕೊಳ್ಳುತ್ತಾರೆ ಹೇಳಿ? ನನಗೆ ಅನುಮಾನ. ರಾತ್ರಿ ತಲೆ ಬಾಚುವಾಗ ಮಗಳನ್ನು ಕೆದಕುತ್ತಿದ್ದೆ: ಏನು ಕೊಟ್ಟರು, ಏನು ಹೇಳಿದರು? ಒಂದು ದಿನ ಟಿವಿ ನಿಲ್ಲಿಸಿ ಇಬ್ಬರೂ ಪಿಸುಗುಡುತ್ತಿದ್ದರು. ನಾನು ಒಳಗೆ ಕಾಲಿಟ್ಟಾಗ ಸುಮ್ಮನಾದರು.

ಅದಾದ ಮೇಲೆ ಮಗಳು ಊಟ ಬಿಟ್ಟಳು. ದಿಂಬಿನ ಕೆಳಗೆ ಕೆಂಪು ಬಣ್ಣದ ಕೋಲು ಸಿಕ್ಕಿತು. "ಐದು ದಿನ ಊಟ ಮಾಡ್ದೆ ಕೋಲು ಇಟ್ಕೊಂಡ್ರೆ ಅಪ್ಪ ಬರ್ತಾರೆ. ಸಿನಿಮಾದಲ್ಲಿ ಆ ಹುಡುಗಿ ಅಪ್ಪ ಹಾಗೇ ಬಂದ್ರು" ಎಂದಳು.

ಅವಳನ್ನು ಎಳೆದುಕೊಂಡೇ ಪಕ್ಕದ ಮನೆಗೆ ನುಗ್ಗಿದೆ. "ಏನ್ ತಾತ, ಮಗೀಗೆ ಮಾಟ ಮಂತ್ರ ಕಲಿಸ್ತಿದ್ದೀರಾ?"

"ಕೂಗಾಡ್ಬೇಡ ಕಣವ್ವ, ಒಸಿ ಕೂತ್ಕೊ. ಕೋಲು ನಾನೇ ಮಾಡ್ಕೊಟ್ಟೆ. ಅಮ್ಮಂಗೆ ಹೇಳ್ಬ್ಯಾಡಿ ಅಂದ್ಲು, ಆಟಕ್ಕೆ ಅನ್ಕಂಡೆ. ಊಟ ಬುಟ್ಟವಳೆ ಅಂತ ಗೊತ್ತಿರ್ನಿಲ್ಲ. ತಪ್ಪಾಯ್ತು."

ಮಗಳನ್ನು ಹತ್ತಿರ ಕರೆದರು. ಮರ ಕಡೆಯುವ ಮಿಷನ್ನಿನಲ್ಲಿ ತಿರುಗುತ್ತಿದ್ದ ಬೋಳು ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರು. ಹಳದಿ ಬಣ್ಣ ಸರ್ರನೆ ಹರಡಿಕೊಂಡಿತು.

"ಮ್ಯಾಜಿಕ್!"

ಮಿಷನ್ ನಿಲ್ಲಿಸಿ ಅವಳ ಬೆರಳನ್ನು ಮರದ ಮೇಲೆ ಇಡಿಸಿದರು. "ಬಿಸಿ ಐತಾ? ಆ ಬಿಸಿಗೆ ಅರಗು ಕರಗ್ತದೆ. ನೋಡೋರ್ಗೆ ಮ್ಯಾಜಿಕ್ಕು, ನಂಗೆ ಕೆಲ್ಸ. ಸಿನಿಮಾನೂ ಅಂಗೇಯ. ಆ ಅಪ್ಪನ್ನ ಯಾರೋ ಬರ್ದು ಕುಣಿಸವ್ರೆ."

"ಮತ್ತೆ ನೀವು ಅಜ್ಜಿ ಫೋಟೋಗೆ ದೀಪ ಹಚ್ತೀರಲ್ಲ?"

"ಹಚ್ಚುದ್ರೆ ಬತ್ತಾಳೆ ಅಂತಲ್ಲ ಕಣವ್ವ. ಹಚ್ಚದೆ ಇರಕ್ಕಾಗಲ್ಲ, ಅದ್ಕೆ..." ಅರಗಿನ ಕಡ್ಡಿ ಕೆಳಗಿಟ್ಟರು. "ನಿಮ್ಮಪ್ಪ ಬತ್ತಾನೆ ಅಂತ ಯಾರು ಹೇಳಿದ್ದು? ಸಿನಿಮಾದೋರಾ?"

ಮಗಳು ನನ್ನ ಮುಖ ನೋಡಿದಳು.

ಹೌದು, ನಾನೇ ಹೇಳಿದ್ದು. ಗಂಡ ಸತ್ತ ದಿನ ಅವಳನ್ನು ಅಕ್ಕೂರಿಗೆ, ನನ್ನ ತವರಿಗೆ ಕಳಿಸಿದ್ದೆವು. ಮಕ್ಕಳು ಹೆಣ ನೋಡಬಾರದಂತೆ. ವಾಪಸು ಬಂದಾಗ, ಅಪ್ಪ ದೇವರ ಹತ್ತಿರ ಹೋಗಿದ್ದಾರೆ, ಜಾಣೆಯಾಗಿ ಕೈಮುಗಿದರೆ ಬರುತ್ತಾರೆ ಎಂದುಬಿಟ್ಟಿದ್ದೆ.

ತಾತ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಒಳಗಿನಿಂದ ಮುದ್ದೆ, ಉಪ್ಸಾರು ತಂದಿಟ್ಟರು. "ಉಣ್ಣವ್ವ. ನೀನು ಉಪಾಸ ಇದ್ರೂ ಅವ್ನು ಬರಲ್ಲ. ದೇವರು ಬ್ಯಾಡ ಅಂತಲ್ಲ, ಸತ್ತೋರು ಬರಲ್ಲ."

ನಾಲ್ಕು ತಿಂಗಳಲ್ಲಿ ಮೊದಲ ಸಲ ಮಗಳು ಜೋರಾಗಿ ಅತ್ತಳು. ಆಮೇಲೆ ಉಂಡಳು.

ನಾನು ತಾತನಿಗೆ ಕೈಮುಗಿಯಬೇಕಿತ್ತು. ಮುಗಿಯಲಿಲ್ಲ. ನನ್ನ ಸುಳ್ಳು ಹಿಡಿದವರ ಮುಖ ನೋಡಲಾಗದೆ ಮಾರನೆಯ ದಿನದಿಂದ ಮಗಳನ್ನು ಕಳಿಸುವುದು ನಿಲ್ಲಿಸಿದೆ. ತಿಂಗಳೊಳಗೆ ಹೇಳದೆ ಕೇಳದೆ ಕನಕಪುರಕ್ಕೆ ಮನೆ ಬದಲಾಯಿಸಿದೆ. ಯಾಕೆ ಬಂದೆ ಎಂದು ಕೇಳಿದವರಿಗೆಲ್ಲ "ಪಕ್ಕದ ಮನೆ ಮುದುಕ ಸರಿಯಿರಲಿಲ್ಲ" ಎಂದೆ. ಎಷ್ಟು ಜನರಿಗೆ ಹಾಗೆ ಹೇಳಿದೆನೋ...

ಈ ಭಾನುವಾರ ಆ ಬೀದಿಗೆ ಹೋಗಿದ್ದೆ. ತಾತನ ಮುಂದಿನ ಕೋಣೆ ಈಗ ಮೊಬೈಲ್ ಅಂಗಡಿ. "ಬೊಂಬೆ ತಾತನಾ? ಹೋಗ್ಬುಟ್ರು ಕಣಕ್ಕ, ಮೂರು ವರ್ಸ ಆಯ್ತು" ಎಂದ ಅಂಗಡಿಯವನು.

ಮನೆಗೆ ಬಂದಾಗ, ಈಗ ಕಾಲೇಜಿಗೆ ಹೋಗುವ ಮಗಳು ಬಾಗಿಲಲ್ಲೇ ಕೇಳಿದಳು, "ತಾತ ಸಿಕ್ಕಿದ್ರಾಮ್ಮ?"

ಯಾವುದೋ ಊರಿಗೆ ಹೋಗಿದ್ದಾರಂತೆ ಎನ್ನುವ ಮಾತು ನಾಲಿಗೆಯವರೆಗೂ ಬಂತು.

"ತೀರಿಕೊಂಡ್ರು ಕಣೆ" ಎಂದೆ.