ರುಮೆನಾ ಹೇಳಿದ ಸಾಕ್ಷಿ

ಲೊಂಬೊಕ್ ದ್ವೀಪದ ದಕ್ಷಿಣ ಕರಾವಳಿಯಲ್ಲಿ ಎಲ್ಲರೂ ಇನಾಕ್, ಅಂದರೆ ಅಮ್ಮ, ಎಂದು ಕರೆಯುವ ರುಮೆನಾಳಷ್ಟು ನಿಧಾನವಾಗಿ ಸ್ಕೂಟರ್ ಓಡಿಸುವವರು ಇನ್ನೊಬ್ಬರಿರಲಿಲ್ಲ. ಎಮ್ಮೆ ಹೊಡೆದುಕೊಂಡು ಹೋಗುವವರು ಅವಳ ಪಕ್ಕದಲ್ಲೇ ಹರಟೆ ಹೊಡೆಯುತ್ತಾ ನಡೆಯುತ್ತಿದ್ದರು.

ಅವಳಿಗೆ ಐವತ್ತಾರು. ಮೂವತ್ತು ವರ್ಷ ಕಾಲು ಚಾಚಿ ನೆಲದ ಮಗ್ಗದ ಮುಂದೆ ಕೂತು ಲುಂಗಿಯಂಥ ಸರೋಂಗು ನೇಯ್ದವಳು. ಗಂಡ ಬದುಕಿರುವ ತನಕ ಊರ ಬಾವಿ ದಾಟಿ ಹೋಗಬೇಕಾದರೂ ಅವನನ್ನು ಕೇಳಬೇಕಿತ್ತು. ಕೇಳದೆ ತಂಗಿಯ ಹೆರಿಗೆಗೆ ಹೋಗಿ ಬಂದ ದಿನ ಅವನು ಮಗ್ಗದ ಹಲಗೆಯನ್ನೇ ಎತ್ತಿ ಬಡಿದು ಅವಳ ಎಡಗೈ ಮುರಿದಿದ್ದ. ಆ ಕೈ ಇವತ್ತಿಗೂ ಭುಜದ ಮೇಲಕ್ಕೆ ಏಳುವುದಿಲ್ಲ. ಅವನು ಸತ್ತ ಮರುವರ್ಷ ಅವಳು ಸ್ಕೂಟರ್ ಕಲಿತಳು. ಅಲ್ಲಿಂದ ಪ್ರತಿವರ್ಷ ಬತ್ತದ ಕೊಯ್ಲು ಮುಗಿದದ್ದೇ ಒಂದು ವಾರ ಒಬ್ಬಳೇ ಕಡಲಂಚು ಹಿಡಿದು ಹೊರಟುಬಿಡುತ್ತಿದ್ದಳು. ವ್ಯಾಪಾರವಿಲ್ಲ, ಹರಕೆಯಿಲ್ಲ, ನೆಂಟರ ಮನೆಯೂ ಅಲ್ಲ.

"ಏನೇ, ಸಮುದ್ರದಲ್ಲಿ ಗಂಡು ನೋಡೋಕೆ ಹೊರಟ್ಯಾ?" ಎಂದು ಪಕ್ಕದ ಮನೆಯ ಇನಾಕ್ ಮಿನಾಹ್ ಛೇಡಿಸುತ್ತಿದ್ದಳು.

"ಮೀನು ನೋಡ್ತೀನಿ ಕಣೇ. ಗಂಡು ನೋಡಿದ್ದು ಸಾಕಾಗಿದೆ."

ಆರನೆಯ ವರ್ಷ, ಹೊರಟ ಮೂರನೆಯ ದಿನ, ಬಾತು ರಿಂಗ್ ಎಂಬ ಊರಿನ ಗುಡ್ಡದ ತಿರುವಿನಲ್ಲಿ ಇಬ್ಬರು ಬೈಕ್ ಅಡ್ಡ ಹಾಕಿದರು. ನಡು ಮಧ್ಯಾಹ್ನ. ಹಿಂದೆ ಕೂತಿದ್ದವನು ಮಚ್ಚು ಹಿಡಿದು ಇಳಿದ. ಸುಪರ್ದಿ ಎಂಬ ಅವನ ಹೆಸರು ಅವಳಿಗೆ ಗೊತ್ತಾದದ್ದು ಆಮೇಲೆ.

"ಇಳಿಯೇ ಮುದುಕಿ!"

ಅವಳು ಇಳಿಯಲಿಲ್ಲ. ಮಚ್ಚು ಎಡತೋಳಿನ ಮೇಲೆ ಬಿತ್ತು. ಸ್ಕೂಟರ್ ಸಮೇತ ಉರುಳಿದಳು. ರಕ್ತ ಮೊಣಕೈಯಿಂದ ಧಾರೆಗಟ್ಟಿತು. ಸುಪರ್ದಿ ಬಗ್ಗಿ ಕೀಲಿಗೆ ಕೈ ಹಾಕಿದಾಗ ಅವಳು ಬಲಗೈಯಲ್ಲಿ ಹೆಲ್ಮೆಟ್ ಕಿತ್ತು ಅವನ ಮುಖಕ್ಕೆ ಅಪ್ಪಳಿಸಿದಳು. ಒಂದು ಸಲವಲ್ಲ, ಮೂರು ಸಲ. ಮೂಗಿನ ಎಲುಬು ಲಟಕ್ಕೆಂದದ್ದು ಅವಳಿಗೇ ಕೇಳಿಸಿತು. ಅವನು ಮುಖ ಹಿಡಿದುಕೊಂಡು ಕುಸಿದ.

ಮೇಲಿನ ಜೋಳದ ಹೊಲದಲ್ಲಿ ಯಾರೋ ಬಿದಿರು ಬಡಿದು ಊರನ್ನು ಕೂಗಿದರು. ಗಾಬರಿಯಲ್ಲಿ ಬೈಕು ಸ್ಟಾರ್ಟಾಗದೆ ಇನ್ನೊಬ್ಬ ಅವಳ ಸ್ಕೂಟರನ್ನೇ ಎತ್ತಿಕೊಂಡು ಪರಾರಿಯಾದ.

ಮೊದಲು ಓಡಿಬಂದವನು ಊರವರು ಅಮಾಕ್, ಅಂದರೆ ಅಪ್ಪ, ಎಂದು ಕರೆಯುವ ಸಹ್ನಾನ್ ಎಂಬ ರೈತ. ತನ್ನ ತಲೆವಸ್ತ್ರ ಬಿಚ್ಚಿ ಅವಳ ತೋಳಿಗೆ ಬಿಗಿಯಾಗಿ ಸುತ್ತಿದ. "ಹೆದರಬೇಡಿ ಇನಾಕ್, ನಾವಿದ್ದೀವಿ" ಅಂದ. ಆಮೇಲೆ ಅದೇ ಕೈಯಲ್ಲಿ ಕಲ್ಲು ಎತ್ತಿಕೊಂಡ.

"ಹೊಡೀರಿ! ಬಿಡಬೇಡಿ ಅವನನ್ನ!" ರುಮೆನಾ ಕಿರುಚಿದಳು.

ಹೊಡೆದರು. ಗುದ್ದಲಿ ಕಾವು, ಬಿದಿರು, ಕಾಲು, ಕೈಗೆ ಸಿಕ್ಕಿದ್ದು. ಸಹ್ನಾನನ ಕಲ್ಲು ಸುಪರ್ದಿಯ ಬಲಗಣ್ಣಿನ ಮೇಲೆ ಬಿತ್ತು. ಅವನು ಚೀರಿದ್ದು ಕೇಳಿ ರುಮೆನಾ ಕೈಯೂರಿ ಎದ್ದು ಕೂತಳು. ಅಷ್ಟರಲ್ಲಿ ಒಬ್ಬ ಕಳ್ಳರ ಬೈಕಿನಿಂದಲೇ ಪೆಟ್ರೋಲ್ ಇಳಿಸಿ ತಂದು ಅವನ ಮೈಮೇಲೆ ಸುರಿದ.

"ನಿಲ್ಸಿ!" ಎಂದಳು. ಯಾರೂ ಕಿವಿಗೊಡಲಿಲ್ಲ. ತೆವಳಿ ಹೋಗಿ ಸುಪರ್ದಿಯ ಅಂಗಿ ಹಿಡಿದುಕೊಂಡಳು. "ನನ್ನ ಗಾಡಿ ಎಲ್ಲಿಗೆ ಹೋಯ್ತು ಅಂತ ಗೊತ್ತಿರೋದು ಇವನೊಬ್ಬನಿಗೇ. ಇವನನ್ನ ಸುಟ್ಟಮೇಲೆ ಯಾರನ್ನ ಕೇಳ್ಲಿ? ಬೂದೀನ?"

ಗುಂಪಿನಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಇನ್ನೊಬ್ಬ ಬೆಂಕಿಪೆಟ್ಟಿಗೆ ಜೇಬಿಗಿಟ್ಟ. ಪೊಲೀಸ್ ಗಾಡಿ ಬಂದು ನಿಲ್ಲುವುದಕ್ಕೆ ಆ ಸ್ವಲ್ಪ ಹೊತ್ತೇ ಸಾಕಾಯಿತು.

ಅವಳಿಗೆ ಹದಿನಾಲ್ಕು ಹೊಲಿಗೆ ಬಿದ್ದವು. ಸ್ಕೂಟರ್ ನಾಲ್ಕನೆಯ ದಿನ ಒಂದು ಹುಲ್ಲಿನ ಗುಡಿಸಲಿನಲ್ಲಿ ಸಿಕ್ಕಿತು, ಕದ್ದವನೂ ಸಿಕ್ಕಿದ. ಸುಪರ್ದಿಯ ಕಣ್ಣು ಮಾತ್ರ ಉಳಿಯಲಿಲ್ಲ.

ಕೋರ್ಟಿನ ದಿನ ಅಮಾಕ್ ಸಹ್ನಾನ್ ಅವಳ ಪರ ಸಾಕ್ಷಿಯಾಗಿ ಬಂದಿದ್ದ. ಬೆಳಿಗ್ಗೆ ತಾನೇ ಕಾಫಿ ತಂದುಕೊಟ್ಟಿದ್ದ.

"ನಿಮ್ಮ ತೋಳು ಕಡಿದವನು ಇವನೇನಾ?" ನ್ಯಾಯಾಧೀಶರು ಕೇಳಿದರು.

"ಇವನೇ ಸ್ವಾಮಿ. ಇವನ ಮೂಗು ಮುರಿದದ್ದು ನಾನು. ಹೊಡೀರಿ ಅಂತ ಕೂಗಿದ್ದೂ ನಾನೇ. ಕಣ್ಣು ನನ್ನಿಂದ ಹೋದದ್ದಲ್ಲ."

"ಮತ್ತೆ ಯಾರಿಂದ?"

ರುಮೆನಾ ಹಿಂದಿನ ಬೆಂಚಿನ ಕಡೆ ತಿರುಗದೆಯೇ ಸಹ್ನಾನನ ಹೆಸರು ಹೇಳಿದಳು.

ಸುಪರ್ದಿಗೆ ಏಳು ವರ್ಷವಾಯಿತು. ಆಮೇಲೆ ನಡೆದ ಇನ್ನೊಂದು ಕೇಸಿನಲ್ಲಿ ಸಹ್ನಾನನಿಗೆ ಎಂಟು ತಿಂಗಳು. ತೀರ್ಪಿನ ದಿನ ಅವನ ಹೆಂಡತಿ ಮೆಟ್ಟಿಲಲ್ಲೇ ರುಮೆನಾಳ ಕೆನ್ನೆಗೆ ಬಾರಿಸಿದಳು. "ನಿನ್ನ ರಕ್ತ ಒರೆಸಿದ ಕೈಗೆ ಬೇಡಿ ಹಾಕಿಸಿದೆಯಲ್ಲೇ, ನಿಂಗೆ ಕರುಳಿಲ್ವಾ?"

ರುಮೆನಾ ಕೆನ್ನೆ ಉಜ್ಜಿಕೊಳ್ಳಲೂ ಇಲ್ಲ. "ನನ್ನ ಗಂಡ ನನ್ನ ಕೈ ಮುರಿದಾಗ ಹತ್ತು ಜನ ನಿಂತು ನೋಡಿದ್ರು ತಾಯಿ. ಯಾರೂ ಕೇಳ್ಲಿಲ್ಲ, ಯಾರೂ ಹೇಳ್ಲಿಲ್ಲ. ಇಲ್ಲಿ ಕೇಳಿದ್ರು, ಹೇಳಿದೆ."

ಮುಂದಿನ ಕೊಯ್ಲು ಮುಗಿಯಿತು. "ಈ ವರ್ಷ ಬಡಗಣ ದಾರಿ ಹಿಡಿ, ಮಾರಾಯ್ತಿ" ಎಂದು ಮಿನಾಹ್ ಅಂಗಲಾಚಿದಳು. ರುಮೆನಾ ಬಾತು ರಿಂಗ್ ದಾರಿಯನ್ನೇ ಹಿಡಿದಳು. ಅದೇ ತಿರುವಿನಲ್ಲಿ ಜೋಳದ ಹೊಲದಿಂದ ಕಲ್ಲು ಬಿದ್ದವು. ಒಂದು ಚಕ್ರಕ್ಕೆ, ಇನ್ನೊಂದು ಸರಿಯಾಗಿ ಬೆನ್ನಿಗೆ. ಉಸಿರು ಸಿಕ್ಕಿಹಾಕಿಕೊಂಡಿತು, ಕಣ್ಣು ಕತ್ತಲಿಟ್ಟಿತು. ಆದರೂ ವೇಗ ಹೆಚ್ಚಿಸಲಿಲ್ಲ. ಎಮ್ಮೆಯ ನಡಿಗೆಯಲ್ಲೇ ಊರು ದಾಟಿದಳು.

ಆಚೆಯ ಕೊಲ್ಲಿಯಲ್ಲಿ ಇಳಿದು ನೀರಿಗೆ ಮುಖ ಮಾಡಿ ಕೂತಳು. ನೋವು ಇಳಿಯುವ ತನಕ ಅತ್ತಳು. ಆಮೇಲೆ ಬುತ್ತಿ ಬಿಚ್ಚಿ ಅನ್ನ, ಒಣಮೀನು ಉಂಡು ಮುಂದಕ್ಕೆ ಹೊರಟಳು.

ಮರುವರ್ಷವೂ ಹೋದಳು. ಆಗಲೂ ಎರಡು ಕಲ್ಲು ಬಂದವು, ಒಂದೂ ತಗಲಲಿಲ್ಲ.