ಮಿಟ್ಟಹಳ್ಳಿಯಲ್ಲಿ ತಿಂಡಿ

ಡಿಸೆಂಬರ್ ತಿಂಗಳ ಮೂರನೆಯ ಭಾನುವಾರ, ಬೆಳಗ್ಗೆ ಐದೂ ಮುಕ್ಕಾಲು. ಶಿವಾರಪಟ್ಟಣದ ಪಕ್ಕದ ನಮ್ಮೂರಿನಿಂದ ಎರಡು ಸೈಕಲ್‌ಗಳು ಹೊರಟವು. ಮುಂದಿನದು ನನ್ನದು, ಗೇರ್ ಇರುವುದು. ಹಿಂದಿನದು ಅತ್ತಿಗೆಯದು, ಗೇರ್ ಇಲ್ಲದ್ದು, ಮುಂದೆ ಬುಟ್ಟಿ ಇರುವುದು. ಹೋಗಬೇಕಾಗಿದ್ದದ್ದು ಶ್ರೀನಿವಾಸಪುರದ ಆಚೆ ಇರುವ ಅತ್ತಿಗೆಯ ತವರಿಗೆ.

ಇದಕ್ಕೆಲ್ಲ ಕಾರಣ ಜರ್ಮನಿ. ಅಲ್ಲಿಯ ಯಾವುದೋ ಕಾಡುಸೀಮೆಯ ಸೈಕಲ್ ದಾರಿಗಳ ಬಗ್ಗೆ ಅಂತರ್ಜಾಲದಲ್ಲಿ ಓದಿದ್ದೆ. ಪ್ರತಿ ದಾರಿಗೂ ಒಂದು ಸಂಖ್ಯೆ. ಎಷ್ಟು ನೆರಳು, ಎಷ್ಟು ಏರು, ನೀರು ಎಲ್ಲಿ, ಕೂತು ತಿನ್ನಲು ಜಾಗ ಎಲ್ಲಿ, ಎಲ್ಲವನ್ನೂ ಅಚ್ಚುಕಟ್ಟಾಗಿ ಬರೆದಿದ್ದರು. ಲೆಕ್ಕ ಇಡುವುದೆಂದರೆ ನನಗೆ ಚಿಕ್ಕಂದಿನಿಂದಲೂ ಇಷ್ಟ. ನಮ್ಮ ಕೋಲಾರದ ಸೀಮೆಗೂ ಹೀಗೆ ಬರೆದರೆ ಹೇಗೆ ಎನ್ನಿಸಿತು. ದಿನಚರಿ ತೆರೆದು ‘ದಾರಿ ಸಂಖ್ಯೆ ಒಂದು’ ಎಂದು ಬರೆದು ಕೆಳಗೆ ಗೆರೆ ಎಳೆದೆ. ದಾರಿ ಯಾವುದು ಎಂಬುದು ಮಾತ್ರ ಆಗ ಗೊತ್ತಿರಲಿಲ್ಲ.

ಅದನ್ನು ಗೊತ್ತು ಮಾಡಿದವರು ಅತ್ತಿಗೆ. ಹಿಂದಿನ ವರ್ಷ ಅವರಿಗೆ ಚಿಕೂನ್‌ಗುನ್ಯಾ ಬಂದಿತ್ತು. ಜ್ವರ ವಾರಕ್ಕೆ ಇಳಿದರೂ ಮಂಡಿನೋವು ತಿಂಗಳುಗಟ್ಟಲೆ ಬಿಡಲಿಲ್ಲ. ಎರಡು ಮೆಟ್ಟಿಲು ಹತ್ತಲೂ ಗೋಡೆ ಹಿಡಿಯುತ್ತಿದ್ದರು. ನೋವು ಹೋಗಿ ನಾಲ್ಕು ತಿಂಗಳಾದರೂ ನಮ್ಮಮ್ಮ ಅವರಿಗೆ ಬಿಂದಿಗೆ ಎತ್ತಲು ಬಿಡುತ್ತಿರಲಿಲ್ಲ. ಅಣ್ಣ ಎದ್ದರೂ ಕೂತರೂ “ಹುಷಾರು, ಹುಷಾರು” ಎನ್ನುತ್ತಿದ್ದ. ಅತ್ತಿಗೆಗೆ ಇದು ಸಾಕಾಗಿತ್ತು.

“ನಿನ್ನ ದಾರಿ ನಮ್ಮೂರಿಗೆ ಹಾಕು ಕಣೇ, ನಾನೂ ಬರ್ತೀನಿ” ಎಂದರು. “ನನ್ನ ಮಂಡಿ ನಂದಾ, ಇಲ್ಲಾ ಇನ್ನೂ ಆ ಸೊಳ್ಳೇದಾ, ನೋಡೇಬಿಡ್ತೀನಿ.”

ಸುದ್ದಿ ಫೋನಿನಲ್ಲಿ ಅವರ ತಮ್ಮನಿಗೆ ಮುಟ್ಟಿತು. ಅವನು ನಕ್ಕ ಸದ್ದು ನಮ್ಮ ಅಡುಗೆಮನೆಯವರೆಗೂ ಕೇಳಿಸಿತು. “ಅಕ್ಕಾ, ಬಸ್ಸಲ್ಲಿ ಬಾ. ಸೈಕಲ್ ತಳ್ಕೊಂಡು ಬಂದ್ರೆ ಊರೋರು ಪಂಕ್ಚರ್ ಅಂಗಡಿಯೋಳು ಅಂತಾರೆ.”

ಅಲ್ಲೇ ಪಂದ್ಯ ಕಟ್ಟಿದರು. ಆ ಭಾನುವಾರ ತವರಲ್ಲಿ ನೆಂಟರೆಲ್ಲ ಸೇರುವವರಿದ್ದರು. ದಾರಿಯಲ್ಲಿ ಒಂದೇ ಒಂದು ಕಡೆ ಅತ್ತಿಗೆ ಸೈಕಲ್ ತಳ್ಳಿದರೂ ಅಷ್ಟೂ ಜನರ ಪಾತ್ರೆಗಳನ್ನು ಅವರೇ ತೊಳೆಯಬೇಕು. ತಳ್ಳದೆ ತುಳಿದೇ ಬಂದರೆ ತಮ್ಮ ತೊಳೆಯಬೇಕು, ಮುದ್ದೆಯ ಪಾತ್ರೆಯೂ ಸೇರಿ. ನಿಂತು ಸುಧಾರಿಸಿಕೊಳ್ಳಬಹುದು, ತಳ್ಳುವಂತಿಲ್ಲ.

ಹಾಗಾಗಿ ನನ್ನ ಕೆಲಸ ಏರಿಲ್ಲದ ದಾರಿ ಹುಡುಕುವುದು. ಹೆದ್ದಾರಿಯನ್ನು ಒಂದೇ ಕಡೆ ದಾಟಿ, ಉಳಿದದ್ದೆಲ್ಲ ಹಳ್ಳಿ ರಸ್ತೆಗಳಾಗುವಂತೆ ನೋಡಿಕೊಂಡೆ. ಕೊನೆಯ ಭಾಗವನ್ನು ಅತ್ತಿಗೆಯ ತಂದೆ ಫೋನಿನಲ್ಲಿ ಹೇಳಿದರು. ಅವರ ಮನೆಮಾತು ತೆಲುಗು, ನನ್ನ ಜೊತೆ ಮಾತ್ರ ಕನ್ನಡ. ಊರ ಹಿಂದಿನ ಕಾಡಿನಲ್ಲಿದ್ದ ಗಾಡಿದಾರಿಗೆ ಈಚೆಗೆ ಟಾರು ಹಾಕಿದ್ದಾರಂತೆ, ಅತ್ತಿಗೆಯೂ ಅದನ್ನು ಕಂಡಿಲ್ಲವಂತೆ. “ಕಾಡು ಮುಗೀತಿದ್ದಂಗೆ ಒಂದು ಮಿಟ್ಟ ಬರ್ತದಮ್ಮ. ಅದು ದಾಟಿದ್ರೆ ನಮ್ಮೂರೇ” ಎಂದರು.

ನಾನು ಬರೆದುಕೊಂಡೆ. ಹೆಸರು ಅರ್ಧವೇ ಹೇಳಿದ್ದಾರೆ ಎನ್ನಿಸಿ ಪೂರ್ತಿ ಮಾಡಿದೆ. ಹ್ಯಾಂಡಲ್‌ಗೆ ಅಂಟಿಸಿಕೊಂಡ ಚೀಟಿಯ ಕೊನೆಯ ಸಾಲು ಹೀಗಿತ್ತು: ಮಿಟ್ಟಹಳ್ಳಿ, ತಿಂಡಿ, ಅರ್ಧ ಗಂಟೆ ವಿಶ್ರಾಂತಿ.

ಬೆಳಗು ಚೆನ್ನಾಗಿತ್ತು. ಮಂಜು ರಾಗಿ ಕೂಳೆಯ ಮೇಲೆ ಮೊಣಕಾಲೆತ್ತರಕ್ಕೆ ಕೂತಿತ್ತು. ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸರು ಕೈಯೆತ್ತಿ “ಎಲ್ಲಿಗ್ರವ್ವಾ ಇಷ್ಟೊತ್ತಿಗೇ?” ಎಂದು ಕೂಗಿದರು. “ತವರಿಗೆ!” ಎಂದು ಅತ್ತಿಗೆ ತಿರುಗಿ ಕೂಗಿದರು. ಹೆದ್ದಾರಿ ದಾಟಿದ ಮೇಲೆ ನಾನು ಎಣಿಸಿದ ಲಾರಿಗಳು ಎರಡೇ, ಎರಡರಲ್ಲೂ ಟೊಮೆಟೊ ಕ್ರೇಟು. ನವಿಲುಗಳು ಅದಕ್ಕಿಂತ ಎಷ್ಟೋ ಹೆಚ್ಚು.

ಹೋಳೂರಿಗೆ ಬಂದಾಗ ಎಂಟೂವರೆ ಇರಬೇಕು. ಹೋಟೆಲಿನ ಮುಂದೆ ಇಡ್ಲಿಪಾತ್ರೆಯ ಆವಿ ರಸ್ತೆಗೇ ಬರುತ್ತಿತ್ತು. ಅತ್ತಿಗೆ ಬ್ರೇಕ್ ಹಿಡಿದರು. ನಾನು ಹಿಡಿಯಲಿಲ್ಲ.

“ತಿಂಡಿ ಇಲ್ಲಲ್ಲ ಅತ್ತಿಗೆ, ಮಿಟ್ಟಹಳ್ಳೀಲಿ” ಎಂದೆ.

“ನಿನ್ನ ಚೀಟಿಗೆ ಹೊಟ್ಟೆ ಇಲ್ಲ ಕಣೇ, ನನಗೈತೆ. ಆ ಹೊಸ ದಾರೀಲಿ ಯಾವ ಊರೈತೋ ನಾನೂ ಕಂಡಿಲ್ಲ.”

“ಅಲ್ಲಿಗೆ ಹೋದ್ರೆ ಊರು ಹತ್ರ. ಆರಾಮಾಗಿ ತಿನ್ನಬಹುದು.”

ಅವರು ಇಡ್ಲಿಯ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿ ಸೈಕಲ್ ತುಳಿದರು.

ಆಮೇಲಿನದು ಕಾಡಿನ ದಾರಿ. ಜರ್ಮನಿಯವರು ತಮ್ಮ ಕಾಡಿನ ಬಗ್ಗೆ ಬರೆದಷ್ಟು ದಟ್ಟವಾದ ನೆರಳು ನಮ್ಮಲ್ಲಿಲ್ಲ ಎಂದು ಒಪ್ಪಿಕೊಳ್ಳುತ್ತೇನೆ. ನಮ್ಮದು ಕುರುಚಲು ಕಾಡು. ಅರಣ್ಯ ಇಲಾಖೆಯ ನೀಲಗಿರಿ, ಜಾಲಿ, ನಡುವೆ ಆನೆ ಮಲಗಿದ ಹಾಗೆ ಕಲ್ಲುಬಂಡೆಗಳು. ಆದರೆ ಸದ್ದಿಲ್ಲ. ನಮ್ಮ ಎರಡು ಚೈನುಗಳ ಸದ್ದು ಬಿಟ್ಟರೆ ಒಣಗಿದ ಎಲೆ ಬೀಳುವುದೂ ಕೇಳಿಸುವಷ್ಟು ನಿಶ್ಶಬ್ದ. ಮೋಟಾರು ಬೈಕಿನಲ್ಲಿ ಬಂದಿದ್ದರೆ ಇದು ನನಗೆ ಗೊತ್ತೇ ಆಗುತ್ತಿರಲಿಲ್ಲ. ಎರಡು ಸಲ ದಾರಿ ಮಾವಿನ ತೋಪಿನೊಳಗೇ ನುಗ್ಗಿತು. ಅಲ್ಲಿ ಮಾತ್ರ ಜರ್ಮನಿಗಿಂತ ನಮ್ಮದೇ ನೆರಳು ಹೆಚ್ಚು ಎಂದು ಕಾಣುತ್ತದೆ.

ತೋಪು ದಾಟಿದ ಮೇಲೆ ರಸ್ತೆಯ ಅಗಲಕ್ಕೂ ಹುರಳಿ ಹರಡಿತ್ತು. ಓಡಾಡುವ ಗಾಡಿಗಳ ಗಾಲಿ ಹತ್ತಿ ಕಾಳು ಉದುರಲಿ ಎಂದು ಹಾಗೆ ಹಾಕುತ್ತಾರೆ. ಅಂಚಿನಲ್ಲಿ ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ತಾತ ಕೂತಿದ್ದರು. ನಾವು ಅದರ ಮೇಲೆ ಹೆದರಿ ಹೆದರಿ ಸೈಕಲ್ ಹತ್ತಿಸಿದೆವು.

“ಬೆಳಗಿಂದ ಒಂದು ಗಾಡೀನೂ ಬರಲಿಲ್ಲ. ಬಂದ್ರೆ ಸೈಕಲ್ ಬಂತು” ಎಂದು ತಾತ ಬೇಸರಿಸಿದರು. “ನಿಮ್ಮ ಭಾರಕ್ಕೆ ನಾಲ್ಕು ಕಾಳೂ ಉದುರಲ್ಲ ಹೋಗಿ.”

ಅತ್ತಿಗೆ ಇಳಿದು ಕೇಳಿದರು: “ತಾತಾ, ಮಿಟ್ಟಹಳ್ಳಿ ಎಷ್ಟು ದೂರ? ಹೋಟ್ಲು ತೆಗೆದಿರ್ತದಾ?”

“ಆ ಹೆಸರಿನ ಊರು ಇನ್ನೆಲ್ಲಾದ್ರೂ ಇದ್ದೀತು. ಈ ದಾರೀಲಿ ಇಲ್ಲಮ್ಮ.”

“ಮಿಟ್ಟ ಅಂತ ಏನೂ ಇಲ್ವಾ?” ಎಂದೆ ನಾನು.

“ಮಿಟ್ಟ ಐತೆ. ಅಗೋ!” ಎಂದು ತಾತ ಕೋಲೆತ್ತಿ ತೋರಿಸಿದರು. ಸ್ವಲ್ಪ ಮುಂದೆ, ಮರಗಳ ಮೇಲೆ, ಹೊಸ ಟಾರು ರಸ್ತೆ ಆಕಾಶದ ಕಡೆಗೆ ಹೋಗುತ್ತಿತ್ತು.

ಅತ್ತಿಗೆ ನನ್ನ ಕಡೆ ತಿರುಗಿದರು. “ನಮ್ಮಪ್ಪ ಫೋನಲ್ಲಿ ಏನಂದ್ರು? ಹಂಗಂಗೇ ಹೇಳು.”

ಹಂಗಂಗೇ ಹೇಳಿದೆ. ಅವರು ಹ್ಯಾಂಡಲ್ ಮೇಲೆ ತಲೆಯಿಟ್ಟು ನಗತೊಡಗಿದರು. “ಮಿಟ್ಟ ಅಂದ್ರೆ ದಿಣ್ಣೆ ಕಣೇ! ಏರು! ನಮ್ಮಪ್ಪ ಏರು ಐತೆ ಅಂದ್ರೆ ನೀನು ಅದಕ್ಕೆ ಹಳ್ಳಿ ಸೇರಿಸಿ, ಹೋಟ್ಲು ಬೇರೆ ಇಟ್ಟಿದ್ದೀಯಾ!”

ನಮ್ಮ ಮನೆಯಲ್ಲಿ ತೆಲುಗು ಇಲ್ಲ. ನನಗೆ ಬರುವುದು ಸಿನಿಮಾದ ತೆಲುಗು. ಸಿನಿಮಾದಲ್ಲಿ ಯಾರೂ ಸೈಕಲ್‌ನಲ್ಲಿ ದಿಣ್ಣೆ ಹತ್ತುವುದನ್ನು ನಾನು ನೋಡಿಲ್ಲ. ತಾತ ವಿಷಯ ತಿಳಿದು, ಬೇಸರವೆಲ್ಲ ಬಿಟ್ಟು, ಬುತ್ತಿಯಿಂದ ಬೇಯಿಸಿದ ಅವರೆಕಾಯಿ ತೆಗೆದುಕೊಟ್ಟರು. “ತಿನ್ನಿ. ಇದೇ ನಿಮ್ಮ ಮಿಟ್ಟಹಳ್ಳಿ ಹೋಟ್ಲು.” ನಾವಿಬ್ಬರೂ ಸಿಪ್ಪೆ ಸುಲಿದು ಸುಲಿದು ತಿಂದೆವು.

ದಿಣ್ಣೆಯ ಬುಡದಲ್ಲಿ ಅತ್ತಿಗೆಯ ತಮ್ಮ ಬೈಕ್ ನಿಲ್ಲಿಸಿಕೊಂಡು ಕಾಯುತ್ತಿದ್ದ. “ಅಕ್ಕಾ, ಸೋಪು ತಂದಿದ್ದೀನಿ, ನಾರೂ ತಂದಿದ್ದೀನಿ” ಎಂದ. ನನಗೆ, “ನೀವು ಮೊದಲು ಹೋಗಿ, ಗೇರ್ ಇರೋರು” ಎಂದ.

ನಾನು ಹೋದೆ. ಅರ್ಧ ದಾರಿಯಲ್ಲಿ ಗೇರುಗಳೆಲ್ಲ ಮುಗಿದು ಇಳಿದು ತಳ್ಳಿದೆ. ಪಂದ್ಯ ನನ್ನದಲ್ಲವಲ್ಲ. ಮೇಲೆ ನಿಂತು ಕೆಳಗೆ ನೋಡಿದೆ.

ಅತ್ತಿಗೆ ರಸ್ತೆಯ ಈ ಅಂಚಿನಿಂದ ಆ ಅಂಚಿಗೆ ಹಾವಿನ ಹಾಗೆ ಅಡ್ಡಡ್ಡ ತುಳಿಯುತ್ತ ಬಂದರು. ಅವರ ತಮ್ಮ ಪಕ್ಕದಲ್ಲೇ ಬೈಕನ್ನು ನಿಧಾನಕ್ಕೆ ಬಿಡುತ್ತ “ದಿಗಕ್ಕಾ, ದಿಗು, ಇಳಿ, ಯಾರೂ ನೋಡಲ್ಲ” ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಪುಸಲಾಯಿಸುತ್ತಿದ್ದ. ಮುಕ್ಕಾಲು ಏರು ಮುಗಿದಿತ್ತು. ಅಲ್ಲಿ ಮುಂದಿನ ಗಾಲಿ ಒಮ್ಮೆ ತಡವರಿಸಿತು. ಅವರು ಕಾಲೂರಿ ನಿಂತುಬಿಟ್ಟರು.

“ಸೋತೆ!” ಎಂದು ಅವನು ಹಾರ್ನ್ ಹೊಡೆದ.

“ಕಾಲೂರೋದು ಸೋಲಲ್ಲ ಲೇ, ತಳ್ಳಿದ್ರೆ ಸೋಲು.”

“ಸರಿ, ಇಲ್ಲಿಂದ ಹತ್ತಿ ತೋರ್ಸು.”

ಆ ಏರಿನಲ್ಲಿ ನಿಂತ ಸೈಕಲ್ ಹತ್ತಲಾಗುವುದಿಲ್ಲ. ಅತ್ತಿಗೆ ಎರಡು ಸಲ ಹತ್ತಿದರು, ಎರಡು ಸಲವೂ ಗಾಲಿ ಹಿಂದಕ್ಕೆ ಜಾರಿತು. ಅವರ ಕೈ ಮಂಡಿಯ ಮೇಲೆ ಹೋದದ್ದನ್ನು ನಾನು ಮೇಲಿನಿಂದಲೇ ಕಂಡೆ. “ಸಾಕು ಅತ್ತಿಗೆ, ಪಾತ್ರೆ ನಾನು ತೊಳಿತೀನಿ!” ಎಂದು ಕೂಗಿದೆ.

ಅವರು ಸೈಕಲನ್ನು ತಿರುಗಿಸಿ, ಹತ್ತಿ ಕೂತು, ಜಾರುತ್ತ ಬುಡದವರೆಗೂ ವಾಪಸು ಹೋಗಿಬಿಟ್ಟರು. ಅವರ ತಮ್ಮ ಹಾರ್ನ್ ಮರೆತು ಬಾಯಿ ತೆರೆದುಕೊಂಡು ನೋಡಿದ. ಬುಡದಲ್ಲಿ ಅವರು ನೀರು ಕುಡಿದರು, ಸೆರಗು ಬಿಗಿದುಕೊಂಡರು, ಹುರಳಿಯವರೆಗೂ ಹಿಂದೆ ಹೋಗಿ ಅಲ್ಲಿಂದ ವೇಗ ಹಿಡಿದು ಬಂದರು. ತಾತ ಎದ್ದು ನಿಂತು ಏನೋ ಕೂಗಿದ್ದು ಕೇಳಿಸಿತು. ಈ ಸಲ ತಮ್ಮ ಬೈಕನ್ನು ಅಂಚಿಗೆ ಸರಿಸಿ ದಾರಿ ಬಿಟ್ಟ. ಕಾಲೂರಿದ್ದ ಜಾಗ ಬಂದಾಗ, ತನಗೇ ತಿಳಿಯದೆ, “ತುಳಿ ಅಕ್ಕಾ, ತುಳಿ, ತುಳಿ!” ಎಂದು ಕಿರುಚಿದ.

ಅತ್ತಿಗೆ ನನ್ನನ್ನು ದಾಟಿಕೊಂಡೇ ಹೋದರು. ನಿಲ್ಲಲಿಲ್ಲ, ನಿಂತರೆ ಬೀಳುತ್ತೇನೆಂದು ಹೆದರಿಕೆಯಂತೆ. ಇಳಿಜಾರಿನಲ್ಲಿ ಊರೊಳಗೆ ಹೋಗಿ ತವರುಮನೆಯ ಜಗಲಿಗೆ ಗಾಲಿ ತಾಗಿಸಿದ ಮೇಲೆಯೇ ಇಳಿದದ್ದು.

ಮಧ್ಯಾಹ್ನ ಅವರ ತಮ್ಮ ಹಿತ್ತಲಲ್ಲಿ ಲುಂಗಿ ಎತ್ತಿಕಟ್ಟಿ ಪಾತ್ರೆಗಳ ನಡುವೆ ಕೂತ. ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿ, ತಮ್ಮ ಲೋಟವನ್ನೂ ಅಲ್ಲೇ ಇಟ್ಟು ಹೋದರು. ಅತ್ತಿಗೆ ಜಗಲಿಯ ಮೇಲೆ ಕಾಲು ಚಾಚಿ, ಮಂಡಿಯನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿ ನೋಡುತ್ತಿದ್ದರು. ಊತವಿರಲಿಲ್ಲ. ಮರುದಿನವೂ ಇರಲಿಲ್ಲ. ಮರುದಿನ ಬಸ್ಸಿನಲ್ಲಿ ಬಂದ ಅಣ್ಣ “ಹುಷಾರು” ಎನ್ನಲು ಬಾಯಿ ತೆರೆದವನು, ಅವರ ಮುಖ ನೋಡಿ, ಅವರ ಸೈಕಲ್ ಗಾಲಿಯಲ್ಲಿ ಗಾಳಿ ಇದೆಯಾ ಎಂದು ಒತ್ತಿ ನೋಡಿದ.

ಈಗ ಅತ್ತಿಗೆಗೆ ಸಪಾಟು ದಾರಿ ಬೇಡವಂತೆ. ‘ದಾರಿ ಸಂಖ್ಯೆ ಎರಡು’ ಮುಳಬಾಗಿಲ ಕಡೆಗೆ ಇರಬೇಕು, ಆವನಿಯವರೆಗೆ ಹೋಗಬೇಕು, ನಡುವೆ ಒಂದಾದರೂ ಒಳ್ಳೆಯ ಏರು ಸಿಗಬೇಕು ಎಂದು ಅಪ್ಪಣೆಯಾಗಿದೆ. ಹೋಳೂರಿನಿಂದ ಆ ಕಡೆಗೆ ಲಾರಿ ಕಡಿಮೆ ಇರುವ, ಮರವಿರುವ ಹಳ್ಳಿ ರಸ್ತೆ ನಿಮಗೆ ಗೊತ್ತಿದ್ದರೆ ದಯವಿಟ್ಟು ನನಗೆ ಬರೆಯಿರಿ. ನೀರು ಎಲ್ಲಿ ಸಿಗುತ್ತದೆ, ಬೆಳಗ್ಗೆ ಎಂಟಕ್ಕೆ ತೆರೆದಿರುವ ಹೋಟೆಲ್ ಯಾವ ಊರಿನಲ್ಲಿದೆ ಎಂಬುದನ್ನೂ, ನೀವೇ ಅಲ್ಲಿ ತಿಂದು ನೋಡಿದ್ದರೆ ಮಾತ್ರ, ತಿಳಿಸಿ.